ಬೆಂಗಳೂರಿನ ಹಳೇ ಪೇಟೆಗೆ ಡಿಜಿಟಲ್ ನಕ್ಷೆ: ಮಾಡಿದವರು ಸ್ವಲ್ಪ ಹೇಳಿ

ಆರ್ಕಿಟೆಕ್ಚರ್ ವಿದ್ಯಾರ್ಥಿನಿ: ನಾವೊಂದಿಷ್ಟು ಜನ ಸೇರಿ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ ಕಡೆಯ ದೇವಸ್ಥಾನ, ಮಸೀದಿ, ಹಳೇ ಮನೆಗಳನ್ನೆಲ್ಲ ಫೋನಿನಲ್ಲಿ ಗುರುತು ಹಾಕಿಕೊಂಡಿದ್ದೀವಿ. ನೋಡಿದರೆ ಬರೀ ಚುಕ್ಕಿ. ಊರು ಹೇಗೆ ಬೆಳೆಯಿತು ಅನ್ನೋದು ಕಾಣ್ತಾನೇ ಇಲ್ಲ. ಇಂಥ ಕೆಲಸ ಮಾಡಿದವರು ಮುಂದೇನು ಅಂತ ಹೇಳ್ತೀರಾ?

ನಕ್ಷೆ ಕೆಲಸದವನು: ಚುಕ್ಕಿ ಪಕ್ಕಕ್ಕಿಡಿ. ಮೊದಲು ಗೋಡೆ, ನೀರು ಎರಡನ್ನೂ ಎಳೆಯಿರಿ. 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಮುತ್ತಿಗೆ ಹಾಕಿದ ಕಾಲದ ನಕ್ಷೆ ಇಂಟರ್ನೆಟ್ಟಿನಲ್ಲೇ ಸಿಗುತ್ತೆ. ಉತ್ತರಕ್ಕೆ ಪೇಟೆ, ದಕ್ಷಿಣಕ್ಕೆ ಮೊಟ್ಟೆಯಾಕಾರದ ಕಲ್ಲುಕೋಟೆ. ಅದನ್ನು ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರ್‌ನ ಜಿಯೋರೆಫರೆನ್ಸರ್‌ನಲ್ಲಿ ಇವತ್ತಿನ ನಕ್ಷೆ ಮೇಲೆ ಕೂರಿಸಬಹುದು.

ಕಷ್ಟ ಇರೋದು ಎರಡೂ ನಕ್ಷೆಯಲ್ಲಿ ಹೊಂದೋ ಬಿಂದು ಹುಡುಕೋದರಲ್ಲಿ. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆಯ ದೆಹಲಿ ಬಾಗಿಲು ಇನ್ನೂ ನಿಂತಿದೆ, ಕೋಟೆ ವೆಂಕಟರಮಣ ದೇವಸ್ಥಾನ ಇದೆ, ದೊಡ್ಡಪೇಟೆ (ಈಗಿನ ಅವೆನ್ಯೂ ರಸ್ತೆ), ಚಿಕ್ಕಪೇಟೆ ಬೀದಿಗಳು ಕೂಡೋ ಚೌಕ ಇದೆ. ಇಂಥವನ್ನು ಹಿಡಿಯಿರಿ. ನಕ್ಷೆ ಕೂರಿಸೋಕೆ ಅದರಲ್ಲಿ ಹಲವು ವಿಧಾನ ಇವೆ. ಥಿನ್ ಪ್ಲೇಟ್ ಸ್ಪ್ಲೈನ್ ಅನ್ನೋದನ್ನು ಆರಿಸಿದರೆ ತಪ್ಪಿನ ಲೆಕ್ಕ ಸೊನ್ನೆ ಹತ್ತಿರ ತೋರಿಸುತ್ತೆ, ಖುಷಿ ಪಡಬೇಡಿ. ಅದು ನೀವು ಕೊಟ್ಟ ಬಿಂದುಗಳಿಗೆ ನಕ್ಷೆಯನ್ನು ಎಳೆದು ಕಟ್ಟುತ್ತೆ, ನಡುವಿನ ಜಾಗ ಎಷ್ಟು ಸೊಟ್ಟಗಾಯ್ತು ಅಂತ ಹೇಳಲ್ಲ. ಶುರುವಿಗೆ ಪಾಲಿನಾಮಿಯಲ್ 1 ವಿಧಾನ ಸಾಕು, ಅದು ನಕ್ಷೆಯನ್ನು ಅಲ್ಲಲ್ಲಿ ಬಗ್ಗಿಸದೆ ಇಡಿಯಾಗಿ ಹಿಗ್ಗಿಸಿ, ತಿರುಗಿಸಿ ಕೂರಿಸುತ್ತೆ. ಅದಕ್ಕೆ ಕನಿಷ್ಠ 3 ಬಿಂದು ಬೇಕು, ನೀವು ಎಂಟ್ಹತ್ತು ಕೊಡಿ. ಯಾವ ಬಿಂದು ಮಾತು ಕೇಳಲ್ವೋ ಅಲ್ಲೇ ವಿಷಯ ಇರುತ್ತೆ: ಒಂದೋ ಅಂದಿನವನು ಅಂದಾಜಿಗೆ ಗೀಚಿದ್ದಾನೆ, ಇಲ್ಲ ಬೀದಿಯೇ ಜಾಗ ಬದಲಿಸಿದೆ.

ಆಮೇಲೆ ಕೆರೆಗಳಿಗೆ ಬೇರೆ ಪದರ, ನಕ್ಷೆ ಮೇಲೆ ಹಾಸೋ ಪಾರದರ್ಶಕ ಹಾಳೆ ಇದ್ದ ಹಾಗೆ. ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ, ಸಿದ್ಧಿಕಟ್ಟೆ ಇದ್ದ ಕಡೆ ಮಾರ್ಕೆಟ್. ಇಷ್ಟು ಬಿದ್ದರೆ ಪೇಟೆ ಅಲ್ಲೇ ಯಾಕೆ ಬೆಳೆಯಿತು ಅನ್ನೋದು ಅರ್ಧ ಗೊತ್ತಾಗುತ್ತೆ.

ಬಳೇಪೇಟೆ ಮನೆಮಗಳು: ಸರ್ ಹೇಳಿದ್ದು ಸರೀನೇ. ಆದರೆ ಗೋಡೆ, ಕೆರೆ ಎಳೆದ ಮಾತ್ರಕ್ಕೆ ಪೇಟೆ ಸಿಗಲ್ಲ ಕಣಮ್ಮ. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಹೆಸರು ನೋಡಿಕೊಂಡು ಬಣ್ಣ ತುಂಬಿಬಿಡ್ತಾರೆ, ನನಗದು ಸೋಮಾರಿತನ ಅನ್ನಿಸುತ್ತೆ. ನಮ್ಮ ಬಳೇಪೇಟೆಗೆ ಈಗ ಜನ ವಾದ್ಯ ಕೊಳ್ಳೋಕೆ ಬರ್ತಾರೆ. ಒಂದೊಂದು ಬೀದಿಗೂ ಎರಡು ಕಾಲಂ ಇಡಿ, ಹೆಸರಿನ ಕಸುಬು ಒಂದು, ಇವತ್ತಿನ ವ್ಯಾಪಾರ ಒಂದು.

ಇನ್ನು ಕರಗ ಬಿಟ್ಟು ಪೇಟೆಯ ನಕ್ಷೆ ಮಾಡೋದುಂಟೇ? ಚೈತ್ರ ಪೌರ್ಣಮಿ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ಪೇಟೆಯೆಲ್ಲ ತಿರುಗುತ್ತೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ. ಆ ದಾರಿಯನ್ನು ಗೆರೆಯಾಗಿ ಎಳೆಯಿರಿ, ಗಂಟೆ ಸಮೇತ. ಎಲ್ಲೆಲ್ಲಿ ನಿಲ್ಲುತ್ತೆ, ಯಾವ ಗುಡಿಯಲ್ಲಿ ಪೂಜೆ ಅಂತ ಕರಗ ನಡೆಸೋ ತಿಗಳರ ಸಮುದಾಯದ ಹಿರಿಯರನ್ನು ಕೂತು ಕೇಳಿ. ಸಂಪಂಗಿ ಕೆರೆಯ ಒಂದು ಚೂರು ನೀರನ್ನು ಇನ್ನೂ ಉಳಿಸಿಕೊಂಡಿದ್ದಾರಲ್ಲ, ಅದೂ ಕರಗದ ಶಾಸ್ತ್ರ ನಡೆಯೋ ಜಾಗವೇ. ಕೆರೆ ಪದರದ ಮೇಲೆ ಕರಗದ ಪದರ ಹಾಕಿ ನೋಡಿ.

ಶಾಸನದ ಹುಚ್ಚಿನವನು: ನನ್ನದು ಚಿಕ್ಕ ಮಾತು. ಶಾಸನದ ಕಲ್ಲಿಗೆ "ಎಲ್ಲಿತ್ತು", "ಎಲ್ಲಿದೆ" ಅಂತ ಎರಡು ಜಾಗ ಬರೆಯಿರಿ. ರಸ್ತೆ ಅಗಲ ಮಾಡಿದಾಗ, ದೇವಸ್ಥಾನ ಹೊಸದಾಗಿ ಕಟ್ಟಿದಾಗ ಶಾಸನ, ವೀರಗಲ್ಲು ಎತ್ತಿ ಬೇರೆ ಕಡೆ ಇಟ್ಟಿರ್ತಾರೆ. ಮೊದಲೆಲ್ಲಿತ್ತು ಅಂತ ತಿಳಿಯೋಕೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ (1905) ಇದೆ. ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ, ಅದನ್ನೂ ನೋಡಿ. ಮತ್ತೆ, ಕೆಂಪೇಗೌಡರ 1537ರಿಂದಲೇ ಟೈಮ್‌ಲೈನ್ ಶುರು ಮಾಡೋ ಮುಂಚೆ ಒಮ್ಮೆ ಬೇಗೂರಿಗೆ ಹೋಗಿ ಬನ್ನಿ. ಬೆಂಗಳೂರಿನ ಹೆಸರಿರೋ 9ನೇ ಶತಮಾನದ ಕಲ್ಲು ಅಲ್ಲಿದೆ.

ಆರ್ಕಿಟೆಕ್ಚರ್ ವಿದ್ಯಾರ್ಥಿನಿ: ತುಂಬಾ ಥ್ಯಾಂಕ್ಸ್. ಕೆಲವು ಮನೆಯವರು ದೇವರಕೋಣೆಯ ಹಳೇ ವಿಗ್ರಹಗಳ ಫೋಟೋ ತೆಗೆಯೋಕೂ ಬಿಟ್ಟರು. ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಅದೇ ಯಾರು ಬೇಕಾದರೂ ನೋಡಿ ತುಂಬಬಹುದಾದ ಆನ್‌ಲೈನ್ ನಕ್ಷೆಗೆ, ಹಾಕಿಬಿಡಲಾ?

ಬಳೇಪೇಟೆ ಮನೆಮಗಳು: ಅಯ್ಯೋ ಬೇಡ ತಾಯಿ! ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ. ನಿಮ್ಮನ್ನು ನಂಬಿ ಒಳಗೆ ಬಿಟ್ಟಿದ್ದಾರೆ.

ನಕ್ಷೆ ಕೆಲಸದವನು: ಹೌದು, ಬೀದಿಯಲ್ಲಿ ನಿಂತರೆ ಕಾಣೋದಷ್ಟೇ ಹಾಕಿ, ಕನ್ನಡ ಹೆಸರಿನ ಸಮೇತ. ಗೂಗಲ್ ನಕ್ಷೆಯಿಂದ ನಕಲು ಮಾಡಿ ತುಂಬೋ ಹಾಗಿಲ್ಲ, ಲೈಸೆನ್ಸ್ ಒಪ್ಪಲ್ಲ. ಓಡಾಡುವಾಗ ಕ್ಯೂಜಿಐಎಸ್ ಜತೆ ಹೊಂದೋ ಕ್ಯೂಫೀಲ್ಡ್ ಅನ್ನೋ ಫೋನ್ ಆ್ಯಪ್ ಬಳಸಿ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ. ಆದರೆ ಆ ಗಲ್ಲಿಗಳಲ್ಲಿ ಜಿಪಿಎಸ್ ಪಕ್ಕದ ಬೀದಿಗೆ ಹಾರುತ್ತೆ, ಹಾಗಾಗಿ ಕಟ್ಟಡವನ್ನು ಉಪಗ್ರಹ ಚಿತ್ರದ ಮೇಲೆ ಕೈಯಿಂದಲೇ ಗುರುತು ಮಾಡಿ. ಭಾನುವಾರ ಬೆಳಿಗ್ಗೆ ಹೋದರೆ ಷಟರ್ ಬಹಳಷ್ಟು ಇಳಿದಿರುತ್ತೆ, ಮೇಲಂತಸ್ತಿನ ಕಿಟಕಿ, ಮರದ ಕೆತ್ತನೆ ನೋಡೋಕೆ ಪುರುಸೊತ್ತು ಸಿಗುತ್ತೆ. ವ್ಯಾಪಾರದ ಕಾಲಂ ತುಂಬೋಕೆ ಮಾತ್ರ ವಾರದ ದಿನ ಆ ನೂಕುನುಗ್ಗಲಿಗೇ ಹೋಗಬೇಕು.