ಸಹಾಯ ಬೇಕು: 1000 ಗಜ ದೂರದ ಗುರಿಗೆ .308 ರೈಫಲ್ ಗುಂಡಲ್ಲೇ ಇರಲಾ, 6.5 ಕ್ರೀಡ್‌ಮೋರ್ ಗುಂಡಿಗೆ ಹೋಗಲಾ?

ಮಿನ್ನೆಸೋಟಾದ ಶೂಟರ್‌ಗಳೇ, ಬ್ಯಾರೆಲ್ ಬದಲಿಸಬೇಕು. ಎರಡಕ್ಕೂ ಅದೇ ಬೋಲ್ಟ್, ಅದೇ ಮ್ಯಾಗಜೀನ್ ನಡೆಯುತ್ತೆ. ಗುಂಡನ್ನ ನಾನೇ ಮನೆಯಲ್ಲಿ ಜೋಡಿಸ್ಕೊಳ್ತೀನಿ.

ಬ್ಯಾಲಿಸ್ಟಿಕ್ ಆ್ಯಪ್‌ಗೆ ಎರಡನ್ನೂ ಹಾಕಿ ನೋಡಿದೆ. .308ರ 175 ಗ್ರೇನ್ (ಬುಲೆಟ್ ತೂಕದ ಅಳತೆ) ಬುಲೆಟ್ ಸೆಕೆಂಡಿಗೆ 2600 ಅಡಿಯಲ್ಲಿ ಹೊರಟರೂ 1000 ಗಜ ಮುಟ್ಟೋ ಹೊತ್ತಿಗೆ ಶಬ್ದದ ವೇಗದ ಹತ್ತಿರಕ್ಕೆ ಇಳಿಯುತ್ತೆ, ಅಲ್ಲಿ ತೂರಾಡೋಕೆ ಶುರುವಾಗಬಹುದು. 6.5ರ 140 ಗ್ರೇನ್‌ಗೆ ಆ ಕಾಟ ಇಲ್ಲ, ಗಾಳಿಗೂ ಕಮ್ಮಿ ಸರಿಯುತ್ತೆ. ಆದ್ರೆ ಕಿರಿದಾದ ನಳಿಕೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಮದ್ದು ಉರಿಯೋದ್ರಿಂದ ಬ್ಯಾರೆಲ್ ಬೇಗ ಸವೆಯುತ್ತೆ. ಅದನ್ನ ಸಹಿಸ್ಕೋಬಹುದು ಬಿಡಿ.

ಸಿಕ್ಕಿಹಾಕ್ಕೊಂಡಿರೋದು ಕೇಸ್ (ಮದ್ದು ತುಂಬೋ ಹಿತ್ತಾಳೆ ಕೊಳವೆ) ವಿಷಯದಲ್ಲಿ. 6.5ಕ್ಕೆ ಸಣ್ಣ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು) ಕೇಸೂ ಸಿಗುತ್ತೆ, ದೊಡ್ಡದೂ ಸಿಗುತ್ತೆ. ಸಣ್ಣದರಲ್ಲಿ ಪ್ರೈಮರ್ ಕೂರೋ ಗುಳಿ ಬೇಗ ಸಡಿಲವಾಗಲ್ಲ, ಆದ್ರೆ ಕೊರೆಯೋ ಚಳಿಯಲ್ಲಿ ಮದ್ದು ಸರಿಯಾಗಿ ಹತ್ತುತ್ತಾ?

ಮೈನಸ್ ಡಿಗ್ರಿಯಲ್ಲಿ ಸಣ್ಣ ಪ್ರೈಮರ್ 6.5 ಹೊಡೆದವರು ಹೇಳಿ: ವೇಗದ ಏರುಪೇರು ಎಷ್ಟಾಯ್ತು, ಜೋರಾಗಿ ಕಿಡಿ ಕೊಡೋ ಮ್ಯಾಗ್ನಮ್ ಪ್ರೈಮರ್ ಹಾಕಿದ್ರೆ ಸರಿಹೋಯ್ತಾ, ಇಲ್ಲಾ ದೊಡ್ಡ ಪ್ರೈಮರ್ ಕೇಸೇ ತಗೊಳ್ಳೋದು ವಾಸಿನಾ?