ಬೆಲ್ವೆಡೇರ್‌ನ ನಾಲ್ಕು ಅಟ್ಲಾಸ್‌ಗಳು: ಕಲೆಯೋ, ಆಸರೆಯೋ?

ಶಿಲ್ಪಪ್ರಿಯ: ವಿಯೆನ್ನಾದ ಮೇಲಿನ ಬೆಲ್ವೆಡೇರ್ ಅರಮನೆ ನೋಡಿಬಂದೆ. ಸವಾಯ್‌ನ ರಾಜಕುಮಾರ ಯೂಜೀನ್‌ಗಾಗಿ ವಾಸ್ತುಶಿಲ್ಪಿ ಹಿಲ್ಡೆಬ್ರಾಂಟ್ 1717ರಿಂದ 1723ರವರೆಗೆ ಕಟ್ಟಿದ್ದು. ಕೆಳಗಿನ ಹಜಾರದಲ್ಲಿ ನಾಲ್ಕು ಅಟ್ಲಾಸ್ ಮೂರ್ತಿಗಳು (ಗ್ರೀಕ್ ಪುರಾಣದಲ್ಲಿ ಆಕಾಶ ಹೊತ್ತ ದೈತ್ಯ ಅಟ್ಲಾಸ್) ಕಮಾನನ್ನು ಹೆಗಲ ಮೇಲೆ ಹೊತ್ತಿವೆ. ಕತ್ತು ಬಗ್ಗಿದೆ, ತೋಳು ಉಬ್ಬಿದೆ. ಎಲ್ಲೂ ಕೈಯಾಡಿಸುವ ಹಾಗಿಲ್ಲದ ನಕ್ಷೆ!

ಗಾರೆಮೇಸ್ತ್ರಿ: "ಕೈಯಾಡಿಸುವ ಹಾಗಿಲ್ಲದ" ಅಂತೀರಲ್ಲ ಸರ್, ಮೊದಲು ಅಲ್ಲಿ ಆ ಮೂರ್ತಿಗಳೇ ಇರಲಿಲ್ಲ. ಚಾವಣಿ ಕುಸಿಯುವ ಹಾಗಾಗಿ, 1732–33ರಲ್ಲಿ ಕಮಾನು ಕಟ್ಟಿ ಅದಕ್ಕೆ ಇವನ್ನು ಕೊಟ್ಟರು. ಹತ್ತು ವರ್ಷಕ್ಕೇ ಆಸರೆ ಬೇಕಾಯ್ತು.

ಶಿಲ್ಪಪ್ರಿಯ: ಆಸರೆ ಅಂದ್ರೆ ಸರ್ವೆ ಮರ. ಇದು ಶಿಲ್ಪ. ಹಾಕಿಸಿದ್ದೂ ಅದೇ ಹಿಲ್ಡೆಬ್ರಾಂಟ್. ಯೂಜೀನ್‌ನ ಸೈನ್ಯದಲ್ಲಿ ಕೋಟೆ ಎಂಜಿನಿಯರ್ ಆಗಿದ್ದವನು. ಅವನಿಗೆ ಭಾರದ ಲೆಕ್ಕ ಹೇಳಿಕೊಡ್ತೀರಾ?

ಹಳೇಪೇಟೆ: ಯೂಜೀನ್ ಸೈನ್ಯ ಅಂದ ಮೇಲೆ ಚಾವಣಿ ಬಿಡಿ, ಹೊರಗಿನ ಮಾಡು ನೋಡಿ. ತುರ್ಕರ ಡೇರೆಗಳ ಥರ ಇದೆ. 1697ರಲ್ಲಿ ಜೆಂಟಾ, 1717ರಲ್ಲಿ ಬೆಲ್‌ಗ್ರೇಡ್, ಎರಡೂ ಕಡೆ ತುರ್ಕರನ್ನು ಸೋಲಿಸಿದವನ ಮನೆ ಅದು.

ಕಾವೇರಿತೀರ: "ಥರ ಇದೆ" ಅನ್ನೋದು ಪುರಾವೆ ಆಗಲ್ಲ. ಆಮೇಲೆ, "ಮನೆ" ಅಂದ್ರಿ. ಅದು ಬೇಸಿಗೆಯ ತೋಟದ ಅರಮನೆ. ಅವನ ಚಳಿಗಾಲದ ಅರಮನೆ ಊರೊಳಗೆ ಬೇರೆ ಇತ್ತು. 1736ರಲ್ಲಿ ಅವನು ಸತ್ತ ಮೇಲೆ ಬೆಲ್ವೆಡೇರ್ ಸೊಸೆ ವಿಕ್ಟೋರಿಯಾಗೆ ಹೋಯ್ತು, 1752ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ ಕೊಂಡಳು.

ಹಳೇಪೇಟೆ: ಸೊಸೆ ಅಲ್ಲ, ಅಣ್ಣನ ಮಗಳು. ಮೊದಲು ಸಂಬಂಧ ಸರಿ ಹೇಳಿ, ಆಮೇಲೆ ಪುರಾವೆ ಕೇಳಿ.

ಗಾರೆಮೇಸ್ತ್ರಿ: ಕೋಟೆ ಎಂಜಿನಿಯರ್ ಅಂದ್ರಲ್ಲ, ಆ ಮಾತು ನನ್ನ ಕಡೆಗೇ ಬರುತ್ತೆ. ಅಷ್ಟು ಗೊತ್ತಿದ್ದವನ ಕೆಲಸವೂ ಜಗ್ಗಿತು. ನಾನು ತೊಟ್ಟಿಮನೆ ರಿಪೇರಿ ಮಾಡಿದವನು. ತೊಲೆ ಬಾಗಿದ ಮೇಲೆ ಕೊಡೋ ಕಂಬಕ್ಕೆ ಎಷ್ಟೇ ಚೆಂದದ ಕೆತ್ತನೆ ಇರಲಿ, ಅದು ಊರುಗೋಲೇ. ಕೆತ್ತಿದವನ ಕೈಗೆ ನನ್ನ ನಮಸ್ಕಾರ ಇದೆ, ಆ ಮಾತು ಬೇರೆ.

ಶಿಲ್ಪಪ್ರಿಯ: ನಮಸ್ಕಾರ ಅಂದ್ರಲ್ಲ, ಅಷ್ಟು ಸಾಕು.

ಗಾರೆಮೇಸ್ತ್ರಿ: ಸಾಕಾಗಲ್ಲ! ಅರ್ಧ ಮಾತು ಕಿತ್ತುಕೊಳ್ಳಬೇಡಿ.

ಮಲೆನಾಡಿನ ಹುಡುಗಿ: ಅದೇ ಅರಮನೆಯಲ್ಲಿ 1777ರಲ್ಲೇ ರಾಜಮನೆತನದ ಚಿತ್ರಗಳನ್ನು ಜನರಿಗೆ ತೆರೆದಿಟ್ಟರು. 1955ರ ಮೇ 15ರಂದು ಆಸ್ಟ್ರಿಯಾಕ್ಕೆ ಸ್ವಾತಂತ್ರ್ಯ ಮರಳಿ ಕೊಟ್ಟ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿನ ಅಮೃತಶಿಲೆಯ ಹಜಾರದಲ್ಲಿ. ಇದನ್ನು ಯಾರೂ ಮಾತಾಡಲ್ವಾ?

ಶಿಲ್ಪಪ್ರಿಯ: ಹಜಾರ ಅಂದ್ರಲ್ಲ, ನೋಡಿ ಮೇಸ್ತ್ರಿಗಳೇ, ಆ ಹಜಾರ ಇರೋದು ನಿಮ್ಮ ಊರುಗೋಲಿನ ಮೇಲಿನ ಮಹಡಿಯಲ್ಲೇ. ಇವತ್ತಿಗೂ ನಿಂತಿದೆ.

ಗಾರೆಮೇಸ್ತ್ರಿ: ನಿಂತಿರೋದು ಊರುಗೋಲು ಕೊಟ್ಟಿದ್ದಕ್ಕೇ ಸರ್.