ನೀರಿನ ಪೈಪಿಗೂ ಗ್ಯಾಸ್ ಪೈಪಿಗೂ ಅರ್ಥಿಂಗ್ ತಂತಿ ಕಟ್ಟಿಸಬೇಕೆ?

ಪ್ರಶ್ನೆ: ಹಳೆಮನೆ (ಮೈಸೂರು)

ಮಾನ್ಯರೇ, ನಮ್ಮದು 1986ರಲ್ಲಿ ಕಟ್ಟಿದ ಮನೆ. ಕೆಳಗಿನ ಬಚ್ಚಲಿಗೆ ಹೋಗುವುದು ಅಂದಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳೇ, ಮಹಡಿಯ ಬಚ್ಚಲನ್ನು ನಾಲ್ಕು ವರ್ಷಗಳ ಹಿಂದೆ ಹೊಸದಾಗಿ ಮಾಡಿಸಿದಾಗ ಅಲ್ಲಿಗೆ ಮಾತ್ರ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಕಳೆದ ಒಂದು ತಿಂಗಳಿನಿಂದ, ಗೀಸರ್ ಆನ್ ಇರುವಾಗ ಒದ್ದೆ ನೆಲದ ಮೇಲೆ ನಿಂತು ಕೆಳಗಿನ ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ನಮ್ಮ ತಾಯಿಯವರು ಇದನ್ನು ಮೊದಲು ಹೇಳಿದಾಗ ವಯಸ್ಸಿಗೆ ಬರುವ ನರದ ತೊಂದರೆಯೆಂದು ನಾವೆಲ್ಲ ತಳ್ಳಿಹಾಕಿದ್ದೆವು. ಮೊನ್ನೆ ನನಗೇ ಆಯಿತು. ಡಿ.ಬಿ.ಯಲ್ಲಿ (ಮನೆಯ ಮುಖ್ಯ ಸ್ವಿಚ್ಚುಗಳ ಪೆಟ್ಟಿಗೆ) 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದೆ, ಆದರೆ ಅದು ಒಮ್ಮೆಯೂ ಬಿದ್ದಿಲ್ಲ.

ನಮ್ಮ ಮನೆಗೆ ಇತ್ತೀಚೆಗೆ ಪೈಪಿನ ಗ್ಯಾಸ್ ಬಂದಿದೆ. ರಸ್ತೆಯಡಿಯಲ್ಲಿ ಹಳದಿ ಪ್ಲಾಸ್ಟಿಕ್ ಪೈಪು, ಕಾಂಪೌಂಡಿನಿಂದ ಈಚೆಗೆ ಜಿ.ಐ. ಪೈಪು. ನಮ್ಮ ಎಲೆಕ್ಟ್ರಿಷಿಯನ್ ಬಂದು ನೋಡಿ, "ಗ್ಯಾಸ್ ಪೈಪು ನೆಲದೊಳಕ್ಕೆ ಹೋಗುತ್ತದೆ, ಅದಕ್ಕೇ ಒಂದು ತಂತಿ ಕಟ್ಟಿದರೆ ಒಳ್ಳೆಯ ಅರ್ಥಿಂಗ್ ಸಿಗುತ್ತದೆ" ಎಂದರು. ಪಕ್ಕದ ಮನೆಯವರು, ಅದು ಬೇಡ, ನೀರಿನ ಪೈಪಿಗೆ ತಂತಿ ಸುತ್ತಿ ಪ್ಲಗ್ಗಿನ ಮೇಲಿನ ದಪ್ಪ (ಅರ್ಥಿಂಗಿನ) ತೂತಿಗೆ ಸೇರಿಸಿರಿ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ?

ಉತ್ತರ 1: ನಿವೃತ್ತ ವಿದ್ಯುತ್ ಇಂಜಿನಿಯರ್

ಸ್ವಾಮಿ, ಎರಡೂ ಸರಿಯಲ್ಲ, ಮೊದಲನೆಯದಂತೂ ಅಪಾಯಕರ. ಮುಂದಿನದನ್ನು ಓದುವ ಮೊದಲು ಗೀಸರಿನ ಪ್ಲಗ್ ಕಿತ್ತಿಡಿ, ಕಾರಣ ತಿಳಿಯುವವರೆಗೆ ಅದನ್ನು ಬಳಸಬೇಡಿ.

ಅರ್ಥಿಂಗ್ ಮತ್ತು ಬಾಂಡಿಂಗ್ ಎಂಬ ಎರಡು ಬೇರೆ ಕೆಲಸಗಳನ್ನು ನಮ್ಮಲ್ಲಿ ಒಂದೇ ಹೆಸರಿನಿಂದ ಕರೆಯುವುದರಿಂದ ಈ ಗೊಂದಲವೆಲ್ಲ ಹುಟ್ಟುತ್ತದೆ. ಉಪಕರಣದ ಲೋಹದ ಮೈಗೆ ಸೋರಿಬಂದ ವಿದ್ಯುತ್ತಿಗೆ ನೆಲಕ್ಕೆ ಹೋಗುವ ದಾರಿ ಮಾಡಿಕೊಡುವುದು ಅರ್ಥಿಂಗ್. ಏಕಕಾಲಕ್ಕೆ ಕೈಗೆ ಸಿಗಬಹುದಾದ ಲೋಹದ ವಸ್ತುಗಳನ್ನು ತಂತಿಯಿಂದ ಜೋಡಿಸಿ, ಅವುಗಳ ನಡುವೆ ವೋಲ್ಟೇಜಿನ ವ್ಯತ್ಯಾಸವೇ ಇಲ್ಲದಂತೆ ಮಾಡುವುದು ಬಾಂಡಿಂಗ್. ಕಂಬಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವುದು ಅದರ ಎರಡು ಕಾಲುಗಳೂ ಒಂದೇ ವೋಲ್ಟೇಜಿನಲ್ಲಿ ಇರುವುದರಿಂದಲೇ.

ಲೆಕ್ಕ ಹಾಕಿ ನೋಡೋಣ. ಮನೆಯ ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದೆಯೆಂದೂ, ಆರ್.ಸಿ.ಸಿ.ಬಿ. ಇಲ್ಲವೆಂದೂ ಇಟ್ಟುಕೊಳ್ಳಿ. ಫ್ರಿಜ್ಜಿನೊಳಗೆ ಫೇಸ್ ತಂತಿ ಲೋಹದ ಮೈಗೆ ತಗುಲಿದರೆ ಹರಿಯುವ ಕರೆಂಟು ಸುಮಾರು 230/20, ಅಂದರೆ 11.5 ಆಂಪಿಯರ್. ಅಷ್ಟಕ್ಕೆ 16 ಆಂಪಿಯರ್‌ನ ಎಂ.ಸಿ.ಬಿ. (ಕರೆಂಟು ಮಿತಿಮೀರಿದರೆ ಆಫ್ ಆಗುವ ಸ್ವಿಚ್ಚು) ಬೀಳುವುದೇ ಇಲ್ಲ. ಫ್ರಿಜ್ಜಿನ ಮೈ ಮಾತ್ರವಲ್ಲ, ಆ ಅರ್ಥಿಂಗ್ ತಂತಿಗೆ ಸೇರಿದ ಮಿಕ್ಸಿ, ವಾಷಿಂಗ್ ಮೆಷಿನ್, ಗೀಸರ್ ಎಲ್ಲವೂ 230ರ ಹತ್ತಿರಕ್ಕೆ ಏರಿ ಅಲ್ಲಿಯೇ ನಿಲ್ಲುತ್ತವೆ. ಬೀದಿಯ ಮಣ್ಣಿನಡಿಯಿಂದ ನೇರವಾಗಿ ಬರುವ ಲೋಹದ ನೀರಿನ ಪೈಪು ಮಾತ್ರ ನೆಲದ ಸೊನ್ನೆ ವೋಲ್ಟನ್ನು ಮನೆಯೊಳಕ್ಕೆ ಹೊತ್ತು ತಂದಿರುತ್ತದೆ. ಒಂದು ಕೈ ಫ್ರಿಜ್ಜಿನ ಮೇಲೆ, ಇನ್ನೊಂದು ಕೈ ಅಡುಗೆಮನೆಯ ನಲ್ಲಿಯ ಮೇಲೆ ಇಟ್ಟವರ ಗತಿಯೇನು? ಆ ಪೈಪನ್ನು ಮನೆಯ ಮುಖ್ಯ ಅರ್ಥಿಂಗ್ ಟರ್ಮಿನಲ್ಲಿಗೆ ಜೋಡಿಸಿದ್ದರೆ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ನಮ್ಮ ಅರ್ಥಿಂಗ್ ಸಂಹಿತೆಯಾದ ಐ.ಎಸ್. 3043 ನೀರು ಮತ್ತು ಗ್ಯಾಸಿನ ಲೋಹದ ಮುಖ್ಯ ಪೈಪುಗಳನ್ನು ಬಾಂಡ್ ಮಾಡಬೇಕೆನ್ನುವುದು ಇದಕ್ಕೇ ಹೊರತು, ಅವುಗಳನ್ನೇ ಅರ್ಥಿಂಗ್ ಆಗಿ ಬಳಸಿಕೊಳ್ಳಲಿ ಎಂದಲ್ಲ.

ಇನ್ನು ಗ್ಯಾಸ್ ಪೈಪು. ನೆಲದಡಿಯಲ್ಲಿ ಪ್ಲಾಸ್ಟಿಕ್ ಇದೆಯೆಂದು ನೀವೇ ಬರೆದಿದ್ದೀರಿ. ಅದು ವಿದ್ಯುತ್ತನ್ನು ಮಣ್ಣಿಗೆ ಬಿಡುವುದಿಲ್ಲ. ಗೀಸರಿನ ಸೋರಿಕೆಯನ್ನು ಅದಕ್ಕೆ ಹರಿಸಿದರೆ ಬಚ್ಚಲಿನ ಜುಮ್ಮು ಅಡುಗೆಮನೆಗೂ ಬರುತ್ತದೆ, ಅಷ್ಟೆ. ಸೋರಿಕೆ ಹೆಚ್ಚಾಗಿದ್ದ ದಿನ ಗ್ಯಾಸಿನವರು ಮೀಟರಿನ ಕೀಲು ಬಿಚ್ಚಿದರೆ ಅಲ್ಲಿ ಕಿಡಿ ಹಾರಬಹುದು. ಪೈಪು ಲೋಹದ್ದೇ ಆಗಿದ್ದರೂ ಗ್ಯಾಸ್ ಪೈಪನ್ನು ಅರ್ಥಿಂಗ್ ಆಗಿ ಬಳಸುವಂತಿಲ್ಲ.

ಪಕ್ಕದ ಮನೆಯವರ ಸಲಹೆಯಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ನಲ್ಲಿ ಜುಮ್ಮೆನ್ನುತ್ತಿದೆ ಎಂದರೆ ಗೀಸರಿನ ಅರ್ಥಿಂಗ್ ದಾರಿ ಎಲ್ಲೋ ಕಡಿದುಹೋಗಿದೆ ಎಂದೇ ನನ್ನ ಊಹೆ. ಆ ಸತ್ತ ಅರ್ಥಿಂಗಿಗೆ ನೀರಿನ ಪೈಪನ್ನು ಕಟ್ಟಿದಿರೋ, ನಾಳೆ ಮಿಕ್ಸಿಯಲ್ಲಾದ ದೋಷವೂ ಬಚ್ಚಲಿನ ನಲ್ಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಮೊದಲು ಗುಂಡಿಯಿಂದ ಗೀಸರಿನ ಪ್ಲಗ್ ಪಾಯಿಂಟಿನವರೆಗಿನ ಅರ್ಥಿಂಗ್ ತಂತಿಯನ್ನು ಪರೀಕ್ಷೆ ಮಾಡಿಸಿ. ಗೀಸರಿನ ಕಾಯಿಲನ್ನು 500 ವೋಲ್ಟಿನ ಮೆಗ್ಗರಿನಿಂದ (ಸೋರಿಕೆ ತಡೆಯುವ ರೋಧವನ್ನು ಅಳೆಯುವ ಉಪಕರಣ) ಅಳತೆ ಮಾಡಿಸಿ, ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಕಾಯಿಲನ್ನು ಬದಲಾಯಿಸಿ. ಫೇಸಿಗೂ ಅರ್ಥಿಂಗಿಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿದು ನೋಡುವ ಹಳೆಯ ಪದ್ಧತಿ ಮಾತ್ರ ಬೇಡ, ಏಕೆಂದರೆ ಅರ್ಥಿಂಗ್ ಕಡಿದಿದ್ದರೆ ಆ ಕ್ಷಣದಲ್ಲಿ ಮನೆಯ ಎಲ್ಲ ಉಪಕರಣಗಳ ಮೈಗೂ ಬಲ್ಬಿನ ಮೂಲಕ ಫೇಸ್ ಹತ್ತುತ್ತದೆ.

ಉತ್ತರ 2: ಲೆಸ್ಟರ್ ಕನ್ನಡಿಗ

ಮೇಲಿನವರು ಹೇಳಿದ್ದನ್ನೇ ಇಂಗ್ಲೆಂಡಿನ ನಮ್ಮ ಮನೆಯಲ್ಲಿ ಕಣ್ಣಾರೆ ನೋಡಬಹುದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗ್ಯಾಸ್ ಮೀಟರಿನಿಂದ ಹೊರಟ ತಾಮ್ರದ ಪೈಪಿಗೆ, ಅದು ಕವಲೊಡೆಯುವ ಮೊದಲೇ, ಲೋಹದ ಪಟ್ಟಿಯೊಂದನ್ನು ಬಿಗಿದು, ಅಲ್ಲಿಂದ ಹಸಿರು-ಹಳದಿ ತಂತಿಯನ್ನು ಅರ್ಥಿಂಗ್ ಟರ್ಮಿನಲ್ಲಿಗೆ ಎಳೆದಿದ್ದಾರೆ. ಇದು ಸುರಕ್ಷತೆಯ ಜೋಡಣೆ, ತೆಗೆಯಬೇಡಿ ಎಂಬ ಚೀಟಿ ಪಟ್ಟಿಗೆ ಅಂಟಿಕೊಂಡಿದೆ. ಸಾಧ್ಯವಾದಷ್ಟೂ ಮೀಟರಿನಿಂದ 600 ಮಿ.ಮೀ. ಒಳಗೇ ಪಟ್ಟಿ ಇರಬೇಕೆಂಬುದು ಇಲ್ಲಿನ ವೈರಿಂಗ್ ಸಂಹಿತೆಯಾದ ಬಿ.ಎಸ್. 7671ರ ನಿಯಮ. ತಂತಿ ಸಾಮಾನ್ಯವಾಗಿ 10 ಚದರ ಮಿ.ಮೀ. ದಪ್ಪದ್ದು. ಇಲ್ಲಿನ ಬಹುಪಾಲು ಮನೆಗಳಲ್ಲಿ ಬೀದಿಯ ನ್ಯೂಟ್ರಲ್ಲೇ ಮನೆಯ ಅರ್ಥಿಂಗ್ ಕೂಡ ಆಗಿರುತ್ತದೆ; ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಅಕ್ಕಪಕ್ಕದ ಮನೆಗಳ ಕರೆಂಟು ಸಹ ನಮ್ಮ ಪೈಪುಗಳ ಮೂಲಕ ನೆಲ ಸೇರಲು ಹೊರಡುವುದರಿಂದ ತಂತಿ ದಪ್ಪ ಇರಲೇಬೇಕು. ಸ್ವಂತ ಗುಂಡಿ ಇರುವ ಮೈಸೂರಿನ ಮನೆಗೆ ಅಷ್ಟು ಬೇಕಿಲ್ಲ. ಅಂತರರಾಷ್ಟ್ರೀಯ ಮಾನಕದಲ್ಲಿ ಮುಖ್ಯ ಬಾಂಡಿಂಗಿಗೆ ಕನಿಷ್ಠ ಎಂದಿರುವುದು 6 ಚದರ ಮಿ.ಮೀ. ತಾಮ್ರ.

ಪೈಪು ಮನೆಯನ್ನು ಪ್ರವೇಶಿಸುವಲ್ಲಿ ಪ್ಲಾಸ್ಟಿಕ್ ತುಂಡು ಇದ್ದರೆ ಬಾಂಡ್ ಮಾಡಬೇಕಿಲ್ಲವೆಂದು ಇಲ್ಲಿ 2018ರ ಆವೃತ್ತಿಯಿಂದ ಸ್ಪಷ್ಟವಾಗಿಯೇ ಹೇಳಲಾಗಿದೆ. ಅನುಮಾನವಿದ್ದಲ್ಲಿ ಎಲೆಕ್ಟ್ರಿಷಿಯನ್ನರು ಪೈಪಿಗೂ ಅರ್ಥಿಂಗ್ ಟರ್ಮಿನಲ್ಲಿಗೂ ನಡುವಿನ ರೋಧವನ್ನು ಅಳೆಯುತ್ತಾರೆ. ಮೈಯಲ್ಲಿ ಹರಿಯಬಹುದಾದ ಕರೆಂಟಿನ ಮಿತಿ 10 ಮಿಲಿಆಂಪಿಯರ್ ಎಂದು ಹಿಡಿದರೆ, 230 ವೋಲ್ಟಿಗೆ ಅದು 23,000 ಓಮ್. ಅದರಲ್ಲಿ ಮನುಷ್ಯನ ಮೈಯದೆಂದು 1,000 ಕಳೆದರೆ 22,000. ಅದಕ್ಕಿಂತ ಹೆಚ್ಚು ಬಂದರೆ ಆ ಪೈಪು ನೆಲವನ್ನು ಮನೆಯೊಳಕ್ಕೆ ತರುತ್ತಿಲ್ಲವೆಂದು ಅರ್ಥ.

ಉತ್ತರ 3: ಹೊಸಮನೆ ಕಟ್ಟಿಸುತ್ತಿರುವವ

ನಡುವೆ ಒಂದು ಸಣ್ಣ ಪ್ರಶ್ನೆ. ನಮ್ಮದು ಪೂರ್ತಿ ಸಿಪಿವಿಸಿ ಮನೆ. ಸುರಕ್ಷತೆಗೆಂದು ಪ್ರತಿಯೊಂದು ಸ್ಟೀಲ್ ನಲ್ಲಿಗೂ ತಂತಿ ಎಳೆಸಲೇ? ಇನ್ನೂ ಗೋಡೆಗೆ ಗಾರೆ ಮಾಡಿಲ್ಲ.

ಉತ್ತರ 4: ನಿವೃತ್ತ ವಿದ್ಯುತ್ ಇಂಜಿನಿಯರ್

ಬೇಡ. ಪ್ಲಾಸ್ಟಿಕ್ ಪೈಪಿನ ತುದಿಯಲ್ಲಿ ಒಂಟಿಯಾಗಿ ಕುಳಿತಿರುವ ನಲ್ಲಿಗೆ ನೆಲದ ಸಂಬಂಧವೂ ಇಲ್ಲ, ಫೇಸಿನ ಸಂಬಂಧವೂ ಇಲ್ಲ. ನೀವು ತಂತಿ ಕಟ್ಟಿದರೆ, ಬೇರೆಲ್ಲೋ ಆದ ದೋಷದ ವೋಲ್ಟೇಜನ್ನು ಕೈಯಾರೆ ಅದರ ಬಳಿಗೆ ಒಯ್ದಂತಾಗುತ್ತದೆ. ಆ ಹಣದಲ್ಲಿ ಬಚ್ಚಲುಗಳಿಗೆ ಪ್ರತ್ಯೇಕ ಆರ್.ಸಿ.ಸಿ.ಬಿ. ಹಾಕಿಸಿ. ಸಂಪಿನ ಮೋಟರಿನ ಅರ್ಥಿಂಗನ್ನು ಮಾತ್ರ ಮರೆಯಬೇಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಪ್ರಶ್ನೆ ಕೇಳಿದವರಿಂದ: ಹಳೆಮನೆ

ಎಲ್ಲರಿಗೂ ವಂದನೆಗಳು. ನಿನ್ನೆ ಬೇರೊಬ್ಬ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರನ್ನು ಕರೆಸಿ ನೋಡಿಸಿದೆ. ಇಂಜಿನಿಯರ್ ಸಾಹೇಬರ ಊಹೆ ಸರಿಯಾಗಿತ್ತು. ಗೀಸರಿನ ಪಾಯಿಂಟಿನಿಂದ ಡಿ.ಬಿ.ಯವರೆಗೆ ತಂತಿ ಚೆನ್ನಾಗಿಯೇ ಇತ್ತು. ಅರ್ಥಿಂಗ್ ಗುಂಡಿಯನ್ನು ಹುಡುಕಲು ಹೊರಟಾಗ ಮಾತ್ರ ಅದೇ ಕಾಣಲಿಲ್ಲ. ಪೋರ್ಟಿಕೋಗೆ ಟೈಲ್ಸ್ ಹಾಕಿಸುವಾಗ ಗುಂಡಿಯ ಮುಚ್ಚಳದ ಮೇಲೆಯೇ ಹಾಕಿಬಿಟ್ಟಿದ್ದರು. ಎರಡು ಟೈಲ್ಸ್ ಒಡೆದು ಮುಚ್ಚಳ ತೆಗೆದರೆ, ಜಿ.ಐ. ಪಟ್ಟಿಯನ್ನು ಹಿಡಿದಿದ್ದ ಬೋಲ್ಟು ಸ್ಪ್ಯಾನರ್ ತಗುಲಿದ ಕೂಡಲೇ ಕಂದು ಪುಡಿಯಾಗಿ ಉದುರಿತು.

ಕಾಯಿಲಿನ ಮೇಲೆ ನಮ್ಮ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಬೆರಳುಗಾತ್ರ ಕಟ್ಟಿತ್ತು, ಅದನ್ನು ಕೆರೆದಾಗ ಕೂದಲೆಳೆಯ ಬಿರುಕು ಕಂಡಿತು. ಮೆಗ್ಗರಿನಲ್ಲಿ ಬಂದದ್ದು 0.02 ಮೆಗಾಓಮ್. ಲೆಸ್ಟರಿನವರ ಲೆಕ್ಕದಂತೆಯೇ ಭಾಗಿಸಿ ನೋಡಿದೆ: 230ನ್ನು 20,000ದಿಂದ ಭಾಗಿಸಿದರೆ 11.5 ಮಿಲಿಆಂಪಿಯರ್. 30ರ ಆರ್.ಸಿ.ಸಿ.ಬಿ. ಏಕೆ ಸುಮ್ಮನಿತ್ತೆಂಬುದು ಆಗ ಹೊಳೆಯಿತು.

ಪಟ್ಟಿ, ಬೋಲ್ಟು, ಕಾಯಿಲು ಎಲ್ಲವೂ ಹೊಸದಾದವು. ಗುಂಡಿಯ ಅಳತೆ ಈಗ 6 ಓಮ್. ಬೀದಿಯಿಂದ ಬರುವ ನೀರಿನ ಪೈಪಿಗೆ ಸಂಪಿನ ಬಳಿ ಕ್ಲ್ಯಾಂಪ್ ಬಿಗಿದು 6 ಚದರ ಮಿ.ಮೀ. ತಂತಿಯನ್ನೂ, ಕೆಳಗಿನ ಬಚ್ಚಲಿನ ಜಿ.ಐ. ಪೈಪಿನಿಂದ ಗೀಸರಿನ ಅರ್ಥಿಂಗಿಗೆ 4 ಚದರ ಮಿ.ಮೀ. ತಂತಿಯನ್ನೂ ಎಳೆಸಿದ್ದೇವೆ. ಗ್ಯಾಸ್ ಪೈಪನ್ನು ಅಳೆದಾಗ 22,000ಕ್ಕಿಂತ ಬಹಳ ಮೇಲಿತ್ತು, ಆದ್ದರಿಂದ ಅದರ ತಂಟೆಗೆ ಹೋಗಿಲ್ಲ. ಗುಂಡಿಯ ಮೇಲೆ ಈ ಸಲ ಟೈಲ್ಸ್ ಬದಲು ಎತ್ತಿ ತೆಗೆಯಬಹುದಾದ ಕಲ್ಲಿನ ಮುಚ್ಚಳವಿದೆ. ಅಮ್ಮನವರು ಇನ್ನೂ ಆ ನಲ್ಲಿಯನ್ನು ಸೆರಗಿನ ತುದಿಯಿಂದಲೇ ತಿರುಗಿಸುತ್ತಾರೆ.